ಹಾವಿನ ರ‍್ಯಾಕ್‌ಗೆ ಕಾವು: ಟೇಪಾ, ಕೇಬಲ್ಲಾ, ರೂಮ್ ಹೀಟರಾ?

ಹಾವು ಸಾಕಲು ಹೊರಟ ಹೊಸಬರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ರ‍್ಯಾಕ್‌ಗೆ ಯಾವ ಹೀಟರ್ ತಗೊಳ್ಳಲಿ?" ನಾನು ತಿರುಗಿ ಕೇಳುವುದೂ ಒಂದೇ. "ರಾತ್ರಿ ಮೂರು ಗಂಟೆಗೆ ನಿಮ್ಮ ರೂಮು ಎಷ್ಟು ಡಿಗ್ರಿ ಇರುತ್ತೆ?" ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿಲ್ಲದೆ ಹೀಟರ್ ಆರಿಸುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ನಾನಿರುವುದು ಅಮೆರಿಕದ ಡಲ್ಲಾಸ್ ಪಕ್ಕದ ಒಂದು ಊರಿನಲ್ಲಿ. ಮನೆಯ ಹಿಂದಿನ ರೂಮಿನಲ್ಲಿ ಎರಡು ರ‍್ಯಾಕ್, ಅದರಲ್ಲಿ 22 ಬಾಲ್ ಪೈಥಾನ್. ಇದು ಆಫ್ರಿಕಾದ ಪುಟ್ಟ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ರ‍್ಯಾಕ್ ಅಂದರೆ ಬಟ್ಟೆ ಇಡುವ ಡ್ರಾಯರ್ ಬೀರುವಿನ ಥರದ್ದು. ಪ್ಲಾಸ್ಟಿಕ್ ಟಬ್ಬುಗಳು ಒಂದರ ಮೇಲೊಂದು ಜಾರಿ ಒಳಗೆ ಹೋಗುತ್ತವೆ. ಟಬ್‌ಗೆ ಬೇರೆ ಮುಚ್ಚಳ ಇರುವುದಿಲ್ಲ, ಮೇಲಿನ ಅಂತಸ್ತಿನ ಹಲಗೆಯೇ ಮುಚ್ಚಳ. ಎತ್ತರ ಕಡಿಮೆ, ಗಾಳಿ ಕಡಿಮೆ. ಗಾಜಿನ ಪೆಟ್ಟಿಗೆಗೆ ಹಾಕುವ ಬಲ್ಬು, ಸೆರಾಮಿಕ್ ಹೀಟರ್ ಇಲ್ಲಿ ನಡೆಯುವುದಿಲ್ಲ. ಪ್ಲಾಸ್ಟಿಕ್ ಕರಗಿ ಹೋಗುತ್ತದೆ. ಅವನ್ನು ಈ ಹೋಲಿಕೆಯಿಂದ ಮೊದಲೇ ಬಿಟ್ಟಿದ್ದೇನೆ.

ಮೊದಲು ಹಾವಿಗೆ ಏನು ಬೇಕು ನೋಡೋಣ

ಬಾಲ್ ಪೈಥಾನ್‌ಗೆ ಟಬ್ಬಿನ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು, ಇನ್ನೊಂದು ತುದಿ 25ರಿಂದ 27. ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 30ರ ಆಸುಪಾಸು ಸಾಕು, ತಣ್ಣನೆ ತುದಿ 22–25ಕ್ಕೆ ಇಳಿದರೂ ಅಡ್ಡಿಯಿಲ್ಲ. ಲೆಪರ್ಡ್ ಗೆಕ್ಕೊ ಹಲ್ಲಿಗೆ ಹೊಟ್ಟೆ ತಾಗುವ ನೆಲ 31–33 ಇರಬೇಕು, ಉಳಿದ ಜಾಗ ಕಾರ್ನ್ ಸ್ನೇಕ್‌ನಷ್ಟೇ ತಂಪಿದ್ದರೂ ನಡೆಯುತ್ತದೆ.

ಎರಡು ತುದಿ ಯಾಕೆ? ಹಾವಿನ ಮೈಯಲ್ಲಿ ನಮ್ಮ ಹಾಗೆ ಒಲೆ ಇಲ್ಲ. ಇಲಿ ನುಂಗಿದ ಮೇಲೆ ಅರಗಿಸಿಕೊಳ್ಳಲು ಬಿಸಿ ಕಡೆ ಹೋಗಿ ಮಲಗುತ್ತದೆ, ಸಾಕಾದಾಗ ತಂಪು ಕಡೆ ಬರುತ್ತದೆ. ಕಾವು ಸಾಲದಿದ್ದರೆ ನುಂಗಿದ ಇಲಿಯನ್ನು ಮೂರ್ನಾಲ್ಕು ದಿನ ಬಿಟ್ಟು ಕಕ್ಕುತ್ತದೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದವರು ಥರ್ಮಾಮೀಟರ್ ನೋಡದೆ ಮಲಗುವುದಿಲ್ಲ. ಚಳಿಯಲ್ಲೇ ಬಹಳ ದಿನ ಇದ್ದರೆ ಉಸಿರಾಟದ ಸೋಂಕು ಬರುತ್ತದೆ. ಟಬ್ ಪೂರ್ತಿ 35 ದಾಟಿದರೆ ಇನ್ನೂ ಕೆಟ್ಟದ್ದು. ಚಳಿ ನಿಧಾನಕ್ಕೆ ಕೆಡಿಸುತ್ತದೆ, ಸೆಕೆ ಒಂದೇ ಮಧ್ಯಾಹ್ನದಲ್ಲಿ ಕೊಲ್ಲುತ್ತದೆ.

ರೂಮನ್ನು ಬಿಸಿ ಮಾಡೋದಾ, ಟಬ್ಬನ್ನಾ?

ಟಬ್ಬಿನ ಅಡಿಯಲ್ಲಿ ಹೀಟ್ ಟೇಪ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಚಪ್ಪಟೆ ಪಟ್ಟಿ, ಹಾಕಿದರೆ ಟಬ್ಬೆಲ್ಲ ಬೆಚ್ಚಗಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಆಗುವುದಿಲ್ಲ. ಟೇಪ್ ಬಿಸಿ ಮಾಡುವುದು ತನ್ನ ಮೇಲಿರುವ ಅಂಗೈ ಅಗಲದ ನೆಲವನ್ನು. ಒಳಗಿನ ಗಾಳಿ ಹೆಚ್ಚೆಂದರೆ ಒಂದೆರಡು ಡಿಗ್ರಿ ಏರುತ್ತದೆ ಅಷ್ಟೇ. ರೂಮು 18 ಡಿಗ್ರಿಗೆ ಇಳಿದರೆ ಹಾವಿನ ಹೊಟ್ಟೆ 32ರಲ್ಲಿ, ಬೆನ್ನು ಮತ್ತು ಉಸಿರು 20ರಲ್ಲಿ. ಆಗ ನಾವು ಮಾಡುವ ತಪ್ಪು ಟೇಪನ್ನು ಇನ್ನಷ್ಟು ಏರಿಸುವುದು. ಚಳಿಗೆ ಹಾವು ಟೇಪಿಗೇ ಅಂಟಿಕೊಂಡು ಕೂರುತ್ತದೆ, ಹೊಟ್ಟೆಯ ಚರ್ಮ ಸುಡುತ್ತದೆ.

ಹಾಗಾಗಿ ಮೊದಲ ತೀರ್ಮಾನ ರೂಮಿನದು. ಹತ್ತು ಡಾಲರ್‌ನ ಡಿಜಿಟಲ್ ಥರ್ಮಾಮೀಟರ್ ತನ್ನಿ, ಕನಿಷ್ಠ–ಗರಿಷ್ಠ ನೆನಪಿಟ್ಟುಕೊಳ್ಳುವಂಥದ್ದು. ಒಂದು ವಾರ ರೂಮಿನಲ್ಲಿಡಿ. ಕನಿಷ್ಠ 23ರ ಕೆಳಗೆ ಇಳಿಯದಿದ್ದರೆ ಟೇಪ್ ಒಂದೇ ಸಾಕು. 23ರಿಂದ 20ರ ನಡುವೆ ಆದರೆ ಟೇಪ್ ಜೊತೆ ರೂಮಿಗೂ ಸ್ವಲ್ಪ ಆಸರೆ ಬೇಕು. ಅದಕ್ಕಿಂತ ಕೆಳಗಾದರೆ ಮೊದಲು ರೂಮು, ಆಮೇಲೆ ಟೇಪ್. ನೂರಾರು ಹಾವು ಸಾಕುವ ದೊಡ್ಡ ಬ್ರೀಡರ್‌ಗಳು ಹೆಚ್ಚಾಗಿ ರೂಮನ್ನೇ 26–27ಕ್ಕೆ ನಿಲ್ಲಿಸಿ, ಟೇಪಿನಿಂದ ಹಿಂಬದಿಗೆ ನಾಲ್ಕೈದು ಡಿಗ್ರಿ ಮಾತ್ರ ಸೇರಿಸುತ್ತಾರೆ. ಟೇಪ್ ಕಡಿಮೆ ದುಡಿದಷ್ಟೂ ಅನಾಹುತ ಕಡಿಮೆ.

ರೂಮಿಗೆ ನನ್ನ ಆಯ್ಕೆ ಎಣ್ಣೆ ತುಂಬಿದ ರೇಡಿಯೇಟರ್. ಫ್ಯಾನ್ ಹೀಟರ್ ಬೇಗ ಬಿಸಿ ಮಾಡುತ್ತೆ ನಿಜ, ಆದರೆ ರಾತ್ರಿಯಿಡೀ ಒಂದೇ ಸಮ ಓಡಿಸಲು ನನಗೆ ಧೈರ್ಯ ಇಲ್ಲ. ರೇಡಿಯೇಟರ್ ತಗೊಳ್ಳುವಾಗ ತಿರುಗಿಸುವ ಗುಂಡಿಯದ್ದೇ ತಗೊಳ್ಳಿ. ಒತ್ತುವ ಬಟನ್, ಡಿಜಿಟಲ್ ಡಿಸ್‌ಪ್ಲೇ ಇರುವ ಎಷ್ಟೋ ಮಾಡೆಲ್‌ಗಳು ಕರೆಂಟ್ ಹೋಗಿ ಬಂದ ಮೇಲೆ ತಾವಾಗಿ ಶುರುವಾಗುವುದಿಲ್ಲ. ಉಷ್ಣತೆ ನೋಡಿ ಕರೆಂಟ್ ಕೊಟ್ಟು ನಿಲ್ಲಿಸುವ ಹೊರಗಿನ ಥರ್ಮೋಸ್ಟಾಟ್‌ಗೆ ಸಿಕ್ಕಿಸಿದರೂ ಅದೇ ಗತಿ, ಒಮ್ಮೆ ಆಫ್ ಆದರೆ ಆಫೇ.

ರೂಮು ಬಿಸಿ ಮಾಡುವುದರಲ್ಲಿ ಎರಡು ತೊಂದರೆ. ಒಂದು, ಬಿಸಿ ಗಾಳಿ ಮೇಲೆ ಹೋಗುತ್ತದೆ. ನನ್ನ ರ‍್ಯಾಕಿನ ಮೇಲಿನ ಅಂತಸ್ತಿಗೂ ಕೆಳಗಿನದಕ್ಕೂ ಮೂರು ಡಿಗ್ರಿ ವ್ಯತ್ಯಾಸ ಇತ್ತು. ಒಂದು ಚಿಕ್ಕ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಸುಮ್ನೆ ನಿಧಾನಕ್ಕೆ ಓಡಿಸಿದ ಮೇಲೆ ಒಂದು ಡಿಗ್ರಿಗೆ ಬಂತು. ಇನ್ನೊಂದು, ಚಳಿಗಾಲದ ಬಿಸಿ ಗಾಳಿ ಒಣ ಗಾಳಿ. ತೇವ ಕಡಿಮೆಯಾದರೆ ಪೊರೆ ಇಡಿಯಾಗಿ ಕಳಚುವುದಿಲ್ಲ, ತುಂಡು ತುಂಡಾಗಿ ಮೈಗೇ ಅಂಟಿಕೊಳ್ಳುತ್ತದೆ. ನೀರಿನ ಬಟ್ಟಲು ದೊಡ್ಡದಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಟೇಪ್, ಕೇಬಲ್, ಮ್ಯಾಟ್

ಹೀಟ್ ಟೇಪ್ ಅಂದರೆ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಕಾರ್ಬನ್ ಶಾಯಿಯ ಪಟ್ಟಿ, ಎರಡೂ ಅಂಚಿನಲ್ಲಿ ತೆಳು ಲೋಹದ ಪಟ್ಟಿ. ಫ್ಲೆಕ್ಸ್‌ವಾಟ್ ಎಂಬ ಬ್ರ್ಯಾಂಡಿನ ಹೆಸರೇ ಈಗ ಎಲ್ಲ ಟೇಪಿಗೂ ಅಡ್ಡಹೆಸರಾಗಿದೆ. 3 ಇಂಚು ಅಗಲದ್ದು ಅಡಿಗೆ ಸುಮಾರು 10 ವಾಟ್ ಎಳೆಯುತ್ತದೆ, 11 ಇಂಚಿನದ್ದು ಸುಮಾರು 20. ರ‍್ಯಾಕಿಗೆ 3 ಇಂಚಿನದ್ದೇ ಸರಿ. ಅಗ್ಗ, ಚಪ್ಪಟೆ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಬಹುದು, ಒಂದು ಅಂತಸ್ತಿನದ್ದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕಷ್ಟ ಇರುವುದು ಜೋಡಣೆಯಲ್ಲಿ. ಕರೆಂಟ್ ವೈರ್ ಕೂರಿಸುವ ಕ್ಲಿಪ್ಪನ್ನು ಅಂಚಿನ ಲೋಹಕ್ಕೆ ಸರಿಯಾಗಿ ಕಚ್ಚಿಸಬೇಕು, ಅದರ ಮೇಲೆ ಇನ್ಸುಲೇಟರ್ ಕೂರಿಸಬೇಕು, ಕತ್ತರಿಸಿದ ತುದಿಯನ್ನೂ ಮುಚ್ಚಬೇಕು. ಕೈ ನಡುಗುವವರು ವೈರ್ ಹಾಕಿ ಸಿದ್ಧವಾದ ಟೇಪನ್ನೇ ಕೊಳ್ಳಲಿ, ಐದಾರು ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ.

ಹೀಟ್ ಕೇಬಲ್ ನೋಡಲು ದಪ್ಪ ದಾರ, ಮೇಲೆ ಸಿಲಿಕೋನ್ ಹೊದಿಕೆ. ಮರದ ರ‍್ಯಾಕಿಗೆ ಕಾಲುವೆಯಂಥ ಗೀರು ಕೊರೆದು ಅದರೊಳಗೆ ಹಾವಿನ ಹಾಗೇ ಸುತ್ತಿಸಿಕೊಂಡು ಹೋಗುತ್ತಾರೆ. ನೀರು ಚೆಲ್ಲಿದರೆ ಟೇಪಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಕಾವು ಗೆರೆಯಂತೆ ಬರುತ್ತದೆ. ಗೆರೆಯ ಮೇಲೆ 36, ಎರಡು ಇಂಚು ಆಚೆ 29. ಮತ್ತೆ, ಇಡೀ ರ‍್ಯಾಕಿಗೆ ಒಂದೇ ಕೇಬಲ್ ಎಳೆದಿದ್ದರೆ ಒಂದು ಕಡೆ ತುಂಡಾದರೆ ಪೂರ್ತಿ ತಣ್ಣಗಾಯಿತು. ನನಗೆ ಇಷ್ಟವಿಲ್ಲ.

ಹೀಟ್ ಮ್ಯಾಟ್, ಅಂದರೆ ಟಬ್ಬಿನ ಅಡಿಗೆ ಇಡುವ ಪುಟ್ಟ ಬಿಸಿ ಚಾಪೆ, ಎರಡು ಮೂರು ಟಬ್ ಇರುವವರಿಗೆ. ಅಷ್ಟೇ.

ಟೇಪನ್ನು ನೆಲಕ್ಕೆ ಹಾಕುವುದಾ, ಹಿಂಗೋಡೆಗಾ? ಹಿಂಗೋಡೆಗೆ ಹಾಕಿದರೆ ಹಾವು ಅದರ ಮೇಲೆ ಮಲಗಲು ಆಗುವುದಿಲ್ಲ, ಸುಡುವ ಭಯ ಕಡಿಮೆ, ಗಾಳಿಯೂ ತುಸು ಬೆಚ್ಚಗೆ. ಆದರೆ ಟಬ್ಬನ್ನು ಪ್ರತಿ ಸಲ ಕೊನೆವರೆಗೂ ತಳ್ಳಬೇಕು. ಒಂದಿಂಚು ಹೊರಗೆ ಉಳಿದರೂ ಕಾವು ತಲುಪುವುದಿಲ್ಲ. ರೂಮು ಬೆಚ್ಚಗಿರುವವರಿಗೆ ಹಿಂಗೋಡೆ, ರೂಮು ತುಸು ತಂಪು ಇರುವವರಿಗೆ ನೆಲ. ಗೆಕ್ಕೊಗಂತೂ ನೆಲವೇ.

ಊರಿಗೆ ಒಂದು ಮಾತು. ಇಲ್ಲಿಂದ ಬೆಂಗಳೂರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಟೇಪಿನ ಸುರುಳಿ ತರಲು ಹೇಳುವವರಿದ್ದಾರೆ. ಅಮೆರಿಕದ ಟೇಪ್ 120 ವೋಲ್ಟಿಗೆ ಮಾಡಿದ್ದು. ಅದನ್ನು ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಎರಡು ಪಟ್ಟಲ್ಲ, ಸುಮಾರು 3.7 ಪಟ್ಟು ಬಿಸಿ ಉಗುಳುತ್ತದೆ. ಬೆಂಕಿ ಹೊತ್ತಿಕೊಳ್ಳಲು ಅಷ್ಟು ಸಾಕು. 230 ವೋಲ್ಟಿನದ್ದನ್ನೇ ಹುಡುಕಿ. ಕಾನೂನೂ ಇದೆ. ನಾಗರ, ಕೇರೆ, ನಮ್ಮ ಹೆಬ್ಬಾವು ಇವನ್ನು 1972ರ ವನ್ಯಜೀವಿ ಕಾಯ್ದೆಯಡಿ ಮನೆಯಲ್ಲಿ ಸಾಕುವ ಹಾಗೇ ಇಲ್ಲ. ಬಾಲ್ ಪೈಥಾನ್‌ನಂಥ ಹೊರದೇಶದ ಪಟ್ಟಿ ಮಾಡಿದ ಪ್ರಾಣಿಗಳನ್ನು, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ರ‍್ಯಾಕ್ ಕೊಳ್ಳುವ ಮೊದಲು ಆ ಕೆಲಸ.

ಥರ್ಮೋಸ್ಟಾಟ್: ಇಲ್ಲಿ ಜಿಪುಣತನ ಬೇಡ

ಟೇಪಿಗೆ ಬಿಸಿಯಾಗುವುದು ಗೊತ್ತು, ನಿಲ್ಲುವುದು ಗೊತ್ತಿಲ್ಲ. ಥರ್ಮೋಸ್ಟಾಟ್ ಇಲ್ಲದೆ ಟೇಪನ್ನು ಗೋಡೆಗೆ ಸಿಕ್ಕಿಸುವುದು ಒಂದು ದಿನಕ್ಕೂ ಬೇಡ. ಲೈಟಿನ ಡಿಮ್ಮರ್ ಹಾಕಿ ಅಂದಾಜಿಗೆ ತಿರುಗಿಸುವವರೂ ಇದ್ದಾರೆ. ಡಿಮ್ಮರ್‌ಗೆ ರೂಮಿನ ಉಷ್ಣತೆ ತಿಳಿಯುವುದಿಲ್ಲ. ಜನವರಿಗೆ ಸರಿಹೊಂದಿಸಿದ್ದು ಮೇ ತಿಂಗಳಲ್ಲಿ ಹಾವನ್ನು ಬೇಯಿಸುತ್ತದೆ.

ಸಿಗುವುದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಆನ್–ಆಫ್. 32ಕ್ಕೆ ಇಟ್ಟರೆ 31ಕ್ಕೆ ಆನ್, 32ಕ್ಕೆ ಆಫ್. ಇಂಕ್‌ಬರ್ಡ್‌ನ 308 ಈ ಜಾತಿಯದು, ನಲವತ್ತು ಡಾಲರ್‌ನ ಆಸುಪಾಸು ಸಿಗುತ್ತದೆ. ಕೇಳಲು ಸರಿಯಾಗೇ ಇದೆ, ಅಲ್ವಾ? ದೋಸೆ ಹೆಂಚು ನೆನಪಿಸಿಕೊಳ್ಳಿ. ಗ್ಯಾಸ್ ಆರಿಸಿದ ಮೇಲೂ ಹೆಂಚು ಕಾಯುತ್ತಲೇ ಇರುತ್ತದೆ, ಕೊನೆಯ ದೋಸೆ ಅದರಲ್ಲೇ ಕಪ್ಪಾಗುತ್ತದೆ. ಟೇಪೂ ಹಾಗೇ. ಆಫ್ ಆದ ಮೇಲೂ ಪ್ಲಾಸ್ಟಿಕ್ ಒಳಗಿನ ಕಾವು ಮೇಲೇರುತ್ತಾ 33.5ಕ್ಕೆ ಹೋಗುತ್ತದೆ. ಆಮೇಲೆ ಇಳಿಯುತ್ತಾ 30ಕ್ಕೆ ಬರುತ್ತದೆ. ದಿನವಿಡೀ ಈ ಉಯ್ಯಾಲೆ.

ಎರಡನೆಯದು ಪ್ರೊಪೋರ್ಷನಲ್. ಇದು ಪೂರ್ತಿ ಆನ್, ಪೂರ್ತಿ ಆಫ್ ಮಾಡುವುದಿಲ್ಲ. ಗುರಿ ಹತ್ತಿರ ಬಂದ ಹಾಗೆ ಕರೆಂಟನ್ನು ಕಡಿಮೆ ಮಾಡುತ್ತಾ 40 ಪರ್ಸೆಂಟ್, 35 ಪರ್ಸೆಂಟ್ ಅಂತ ಹದ ಹಿಡಿಯುತ್ತದೆ. ಕೆಲವು ತುಣುಕು ತುಣುಕಾಗಿ ಕೊಡುತ್ತವೆ, ಕೆಲವು ಡಿಮ್ಮರ್ ಥರ. ಟೇಪಿಗೆ ಎರಡೂ ಸರಿ. ಹರ್ಪ್‌ಸ್ಟಾಟ್, ವಿವೇರಿಯಂ ಎಲೆಕ್ಟ್ರಾನಿಕ್ಸ್ ಇವುಗಳಿಗೆ ಇಲ್ಲಿ ಹೆಸರಿದೆ. ಬೆಲೆ ನೂರು ಡಾಲರ್ ಆಚೆಗೆ. ನನ್ನ ರ‍್ಯಾಕಿನಲ್ಲಿ ಇದನ್ನು ಹಾಕಿದ ಮೇಲೆ ಟಬ್ಬಿನ ನೆಲ ಅರ್ಧ ಡಿಗ್ರಿಗಿಂತ ಜಾಸ್ತಿ ಅಲುಗುತ್ತಿಲ್ಲ.

ನಿಜ ಹೇಳಬೇಕೆಂದರೆ, ಎರಡು ಮೂರು ಡಿಗ್ರಿಯ ಉಯ್ಯಾಲೆಯಿಂದ ದೊಡ್ಡ ಹಾವಿಗೆ ಏನೂ ಆಗುವುದಿಲ್ಲ. ಕಾಡಿನಲ್ಲಿ ಅದಕ್ಕಿಂತ ಜಾಸ್ತಿ ಏರಿಳಿತ ಇದೆ. ದುಬಾರಿಯದನ್ನು ಕೊಳ್ಳಲು ನನಗೆ ಇರುವ ಕಾರಣ ಬೇರೆ. ಆನ್–ಆಫ್ ಯಂತ್ರದ ಒಳಗೆ ರಿಲೇ ಎಂಬ ಪುಟ್ಟ ಸ್ವಿಚ್ಚು ದಿನಕ್ಕೆ ನೂರಾರು ಸಲ ಟಕ್ ಟಕ್ ಅನ್ನುತ್ತದೆ. ಸವೆದು ಸವೆದು ಒಂದು ದಿನ ಅಂಟಿಕೊಳ್ಳಬಹುದು. ಅಂಟಿಕೊಂಡರೆ ಆನ್ ಆಗಿಯೇ ಉಳಿಯುತ್ತದೆ. ಒಳ್ಳೆಯ ರೆಪ್ಟೈಲ್ ಥರ್ಮೋಸ್ಟಾಟ್‌ಗಳಲ್ಲಿ ಇಂಥ ಹೊತ್ತಿಗೆ ಕರೆಂಟ್ ಕಡಿದು ಕೂಗುವ ವ್ಯವಸ್ಥೆ ಇರುತ್ತದೆ. ಕೊಳ್ಳುವ ಮುಂಚೆ ಕೇಳಬೇಕಾದ್ದು ಇದನ್ನು. ಬಣ್ಣದ ಸ್ಕ್ರೀನ್, ವೈಫೈ ಎಲ್ಲ ಆಮೇಲೆ.

ಪ್ರೋಬ್ ಎಲ್ಲಿ ಕೂತಿದೆ?

ಇಡೀ ವಿಷಯದಲ್ಲಿ ಜನ ಎಡವುವುದು ಇಲ್ಲಿ. ಥರ್ಮೋಸ್ಟಾಟ್‌ಗೆ ಹಾವು ಕಾಣುವುದಿಲ್ಲ, ಟಬ್ಬೂ ಕಾಣುವುದಿಲ್ಲ. ಅದರ ವೈರಿನ ತುದಿಯಲ್ಲಿ ಉಷ್ಣತೆ ಅಳೆಯುವ ಪ್ರೋಬ್ ಏನು ಹೇಳುತ್ತದೋ ಅಷ್ಟೇ ಅದರ ಲೋಕ.

ಪ್ರೋಬನ್ನು ಟಬ್ಬಿನ ಒಳಗೆ ಇಡಬೇಡಿ. ಹಾವು ಅದನ್ನು ಎಳೆದು ತಂಪು ಕಡೆಗೆ ಹಾಕುತ್ತದೆ, ಅಥವಾ ಅದರ ಮೇಲೆ ಉಚ್ಚೆ ಹೊಯ್ಯುತ್ತದೆ. ಎರಡೂ ಸಲ ಥರ್ಮೋಸ್ಟಾಟ್ "ಅಯ್ಯೋ ಚಳಿ" ಅಂತ ಪೂರ್ತಿ ಕರೆಂಟ್ ಬಿಡುತ್ತದೆ. ಪ್ರೋಬ್ ಇರಬೇಕಾದ್ದು ಟೇಪಿನ ಮೇಲೆ, ಟಬ್ಬಿನ ಕೆಳಗೆ, ಅಲ್ಯೂಮಿನಿಯಂ ಫಾಯಿಲ್ ಟೇಪಿನಿಂದ ಬಿಗಿಯಾಗಿ ಅಂಟಿಸಿ. ಅಲ್ಲಿ 35 ತೋರಿಸಿದರೆ ಟಬ್ಬಿನ ಒಳಗೆ 32 ಇರಬಹುದು. ಈ ವ್ಯತ್ಯಾಸ ಟಬ್ಬಿನ ದಪ್ಪ, ನಡುವಿನ ಸಂದಿ ನೋಡಿಕೊಂಡು ಬದಲಾಗುತ್ತದೆ. ಹಾಗಾಗಿ ಸ್ಕ್ರೀನ್ ಮೇಲಿನ ಸಂಖ್ಯೆ ನಂಬಬೇಡಿ. ಇನ್‌ಫ್ರಾರೆಡ್ ಗನ್ (ದೂರದಿಂದಲೇ ಮೇಲ್ಮೈಯ ಉಷ್ಣತೆ ತೋರಿಸುವ ಥರ್ಮಾಮೀಟರ್) ಹಿಡಿದು, ಹಾಸು ಸರಿಸಿ, ಟಬ್ಬಿನ ಬರಿ ನೆಲಕ್ಕೆ ಗುರಿ ಇಡಿ. ಹಾವು ಹಾಸಿನ ಅಡಿಗೆ ನುಗ್ಗಿಯೇ ಮಲಗುತ್ತದೆ, ಹಾಸಿನ ಮೇಲಿನ ಲೆಕ್ಕ ಅದಕ್ಕೆ ಉಪಯೋಗವಿಲ್ಲ. ಫಾಯಿಲ್ ಟೇಪಿಗೆ ಗನ್ ಹಿಡಿದರೆ ಸುಳ್ಳು ಹೇಳುತ್ತದೆ, ಹೊಳೆಯುವ ಮೇಲ್ಮೈ ಅದರ ಕಣ್ಣಿಗೆ ಕನ್ನಡಿ.

ಈಗ ನನ್ನ ಎಡವಟ್ಟು. ಎಂಟು ಅಂತಸ್ತು, ಒಂದೇ ಥರ್ಮೋಸ್ಟಾಟ್, ಪ್ರೋಬ್ ಕೆಳಗಿನಿಂದ ನಾಲ್ಕನೆಯದರಲ್ಲಿ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ರೂಮಿಗೆ ಹೋದೆ. ಏಳನೇ ಅಂತಸ್ತಿನ ಹೆಣ್ಣು ಹಾವು ಟಬ್ಬಿನ ಮುಂತುದಿಯಲ್ಲಿ ಮೂಗನ್ನು ಗಾಳಿ ತೂತಿಗೆ ಒತ್ತಿಕೊಂಡು ನಿಂತಿತ್ತು. ಹಗಲು ಹೊತ್ತಿನಲ್ಲಿ ಅದು ಹಾಗೆ ಮಾಡುವುದಿಲ್ಲ. ಹಿಂಬದಿಗೆ ಕೈ ಹಾಕಿದೆ, ಸರ‍್ರನೆ ಹಿಂದಕ್ಕೆ ತೆಗೆದೆ. ಗನ್ ಹಿಡಿದರೆ 41. ಥರ್ಮೋಸ್ಟಾಟ್ ನೋಡಿದರೆ 24 ತೋರಿಸುತ್ತಾ, ನೂರು ಪರ್ಸೆಂಟ್ ಕರೆಂಟ್ ಕೊಡುತ್ತಾ ಕೂತಿದೆ. ಯಂತ್ರದ ತಪ್ಪಲ್ಲ. ನಾಲ್ಕನೇ ಅಂತಸ್ತಿನ ಕ್ಲಿಪ್ ಸಡಿಲವಾಗಿ ಆ ಒಂದೇ ಟೇಪ್ ಸತ್ತಿತ್ತು. ಪ್ರೋಬ್ ಇದ್ದದ್ದು ಅದರ ಮೇಲೆ. ತಣ್ಣಗಿದೆ ಅಂತ ಅದು ಕೂಗಿದಷ್ಟೂ ಉಳಿದ ಏಳು ಅಂತಸ್ತು ಕಾದವು. ಕ್ಲಿಪ್ ಒತ್ತಿದ್ದು ನಾನೇ. ಮುಂತುದಿ ತಂಪಿದ್ದಿದ್ದರಿಂದ ಹಾವುಗಳು ಬದುಕಿದವು.

ಅವತ್ತಿನಿಂದ ಎರಡು ಥರ್ಮೋಸ್ಟಾಟ್. ಗೋಡೆಯ ಪ್ಲಗ್ಗಿಗೆ ಮೊದಲು ಅಗ್ಗದ ಆನ್–ಆಫ್, ಅದರ ಪ್ರೋಬ್ ಆರನೇ ಅಂತಸ್ತಿನ ಟೇಪಿನ ಮೇಲೆ, ಗುರಿ 38. ಅದರೊಳಗಿಂದ ಒಳ್ಳೆಯ ಪ್ರೊಪೋರ್ಷನಲ್, ಅದರ ಪ್ರೋಬ್ ನಾಲ್ಕರಲ್ಲಿ, ಗುರಿ 35. ಎಲ್ಲ ಸರಿ ಇದ್ದರೆ ಮೊದಲನೆಯದು ಬರೀ ದಾರಿ ಬಿಡುವ ಕಾವಲುಗಾರ. ಎರಡನೆಯದು ಹುಚ್ಚು ಹಿಡಿದರೆ ಬಾಗಿಲು ಹಾಕುತ್ತದೆ. ಈ ಕ್ರಮ ಉಲ್ಟಾ ಮಾಡಬೇಡಿ. ಪ್ರೊಪೋರ್ಷನಲ್ ಕೊಡುವ ಹರುಕು ಮುರುಕು ಕರೆಂಟಿನಲ್ಲಿ ಇನ್ನೊಂದು ಯಂತ್ರ ಓಡುವುದಿಲ್ಲ.

ಕರೆಂಟಿನ ಲೆಕ್ಕ

ನನ್ನ ಎಂಟು ಅಂತಸ್ತಿಗೆ ತಲಾ 3 ಅಡಿ, ಒಟ್ಟು 24 ಅಡಿ ಟೇಪ್. ಪೂರ್ತಿ ಎಳೆದರೆ 240 ವಾಟ್. ಸರಾಸರಿ 40 ಪರ್ಸೆಂಟ್ ಓಡಿದರೆ ದಿನಕ್ಕೆ 2.3 ಯೂನಿಟ್. ಯೂನಿಟ್‌ಗೆ 15 ಸೆಂಟ್ ಅಂತ ಹಿಡಿದರೆ ದಿನಕ್ಕೆ 35 ಸೆಂಟ್. 1500 ವಾಟ್ ರೇಡಿಯೇಟರ್ ದಿನಕ್ಕೆ 12 ಗಂಟೆ ಪೂರ್ತಿ ಓಡಿದರೆ 18 ಯೂನಿಟ್, 2 ಡಾಲರ್ 70 ಸೆಂಟ್. ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಬಾಗಿಲ ಕೆಳಗೆ ಬಟ್ಟೆ ತುರುಕಿದ ಮೇಲೆ ನನ್ನ ರೇಡಿಯೇಟರ್ ಅರ್ಧ ಹೊತ್ತೂ ಓಡುತ್ತಿಲ್ಲ.

ಅಮೆರಿಕದ ಮಾಮೂಲಿ 15 ಆಂಪ್ ಸರ್ಕ್ಯೂಟ್ 1800 ವಾಟ್ ತಡೆಯುತ್ತದೆ, ಆದರೆ ಗಂಟೆಗಟ್ಟಲೆ ಎಳೆಯುವುದಕ್ಕೆ 1440ರ ಒಳಗೆ ಇರಬೇಕು. ಅಂದರೆ 1500ರ ರೇಡಿಯೇಟರ್ ಪೂರ್ತಿ ಹಾಕಿದರೆ ಮಿತಿ ಆಗಲೇ ದಾಟಿತು. ಅದನ್ನು ನಡುವಿನ 900ರಲ್ಲಿ ಇಡಿ, ಸಾಧ್ಯವಾದರೆ ರ‍್ಯಾಕನ್ನು ಬೇರೆ ಸರ್ಕ್ಯೂಟಿಗೆ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ರೇಡಿಯೇಟರ್ ಸಿಕ್ಕಿಸಬೇಡಿ.

ಸೆಕೆಗೂ ಸಿದ್ಧ, ಕರೆಂಟ್ ಹೋದರೂ ಸಿದ್ಧ

ಟೆಕ್ಸಸ್‌ನಲ್ಲಿ ಜುಲೈ, ಆಗಸ್ಟ್ ಹೊರಗೆ 38–40 ಡಿಗ್ರಿ. ಥರ್ಮೋಸ್ಟಾಟ್ ಬಿಸಿ ನಿಲ್ಲಿಸಬಲ್ಲದು, ತಂಪು ಮಾಡಲಾರದು. ಗ್ಯಾರೇಜಿನಲ್ಲಿ ರ‍್ಯಾಕ್ ಇಡುವ ಆಸೆ ಇದ್ದರೆ ಅಲ್ಲಿಗೂ ಏಸಿ ಹಾಕಿಸಿ, ಇಲ್ಲವೆಂದರೆ ಆಸೆ ಬಿಡಿ.

2021ರ ಫೆಬ್ರುವರಿಯ ಹಿಮದಲ್ಲಿ ಇಲ್ಲಿ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ನಮ್ಮದೂ ಅದರಲ್ಲಿ ಒಂದು. ಮನೆಯೊಳಗೆ 9 ಡಿಗ್ರಿ. ಒಂದೊಂದು ಹಾವನ್ನೂ ದಿಂಬಿನ ಕವರಿಗೆ ಹಾಕಿ, ಬಾಯಿ ಕಟ್ಟಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೋಡಿಸಿದೆವು. ಗ್ಯಾಸ್ ಒಲೆ ಇದ್ದಿದ್ದು ಪುಣ್ಯ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿದೆವು. ಊಟ ಹಾಕಲಿಲ್ಲ. ತಣ್ಣಗಿರುವ ಹಾವಿಗೆ ಊಟ ಹಾಕಿದರೆ ಒಳಗೇ ಕೊಳೆಯುತ್ತದೆ. ಆಮೇಲೆ 1000 ವಾಟ್–ಅವರ್‌ನ ಬ್ಯಾಟರಿ ಪೆಟ್ಟಿಗೆ ತಗೊಂಡೆ. ಟೇಪನ್ನು ಎಂಟು ಗಂಟೆ ಎಳೆಯುತ್ತದೆ. ಇನ್ವರ್ಟರ್ ಯಾವುದೇ ಕೊಂಡರೂ ಗೋಡೆಯ ಕರೆಂಟಿನ ಹಾಗೇ ನಯವಾದ ಕರೆಂಟ್ ಕೊಡುವ ಪ್ಯೂರ್ ಸೈನ್‌ವೇವ್ ಇರಲಿ, ಅಗ್ಗದ ಬೇರೆ ಬಗೆಯವು ಪ್ರೊಪೋರ್ಷನಲ್ ಥರ್ಮೋಸ್ಟಾಟ್‌ಗೆ ಒಗ್ಗುವುದಿಲ್ಲ.

ನಾನಾದರೆ

ಮೂರು ಟಬ್, ಬೆಚ್ಚನೆ ರೂಮು: ಮ್ಯಾಟ್ ಅಥವಾ ಚಿಕ್ಕ ಟೇಪ್, ಆನ್–ಆಫ್ ಥರ್ಮೋಸ್ಟಾಟ್, ಗನ್. ನೂರು ಡಾಲರ್ ಒಳಗೆ ಮುಗಿಯುತ್ತದೆ.

ಎಂಟು ಹತ್ತು ಟಬ್ಬಿನ ಒಂದು ರ‍್ಯಾಕ್: 3 ಇಂಚಿನ ಟೇಪ್, ಪ್ರೊಪೋರ್ಷನಲ್ ಒಂದು, ಕಾವಲಿಗೆ ಆನ್–ಆಫ್ ಒಂದು. ದುಡ್ಡು ಸಾಲದಿದ್ದರೆ ಎರಡೂ ಆನ್–ಆಫ್ ಇರಲಿ. ಒಂದೇ ದುಬಾರಿಯದಕ್ಕಿಂತ ಎರಡು ಅಗ್ಗದ್ದು ವಾಸಿ ಅಂತ ನನ್ನ ಲೆಕ್ಕ, ಒಪ್ಪದವರು ಬೇಕಾದಷ್ಟು ಜನ ಇದ್ದಾರೆ.

ಎರಡು ಮೂರು ರ‍್ಯಾಕ್ ಆದ ಮೇಲೆ ರೂಮನ್ನೇ 26ಕ್ಕೆ ನಿಲ್ಲಿಸಿ. ಪ್ರತಿ ರ‍್ಯಾಕಿಗೂ ಬೇರೆ ಪ್ರೋಬ್ ಇರಲಿ. ನಾಲ್ಕು, ಆರು ಔಟ್‌ಪುಟ್ ಇರುವ ಥರ್ಮೋಸ್ಟಾಟ್ ಸಿಗುತ್ತವೆ.

ಮರಿಗಳ ರ‍್ಯಾಕಿಗೆ ಪ್ರೊಪೋರ್ಷನಲ್ ಬಿಟ್ಟು ಬೇರೆ ಬೇಡ. ಚಿಕ್ಕ ಟಬ್ಬಿನಲ್ಲಿ ಓಡಿ ತಪ್ಪಿಸಿಕೊಳ್ಳಲು ತಂಪು ಜಾಗವೇ ಇರುವುದಿಲ್ಲ.

ಯಾವುದೇ ತಂದರೂ ಹಾವು ಹಾಕುವ ಮುಂಚೆ ಒಂದು ವಾರ ಖಾಲಿ ಓಡಿಸಿ. ಟಬ್ಬಿಗೆ ಹಾಸು ಹಾಕಿ, ಬಟ್ಟಲಿಗೆ ನೀರು ತುಂಬಿ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ಎಲ್ಲ ಅಂತಸ್ತಿನ ನೆಲಕ್ಕೂ ಗನ್ ಹಿಡಿದು ಪುಸ್ತಕದಲ್ಲಿ ಬರೆಯಿರಿ. ನನ್ನ ಎರಡನೇ ರ‍್ಯಾಕ್ ಹೀಗೆ 11 ದಿನ ಖಾಲಿ ಓಡಿತು. ಆರನೇ ದಿನ ರಾತ್ರಿ ಮೇಲಿನಿಂದ ಎರಡನೇ ಸಾಲಿನಲ್ಲಿ 27 ಅಂತ ಬರೆದಿದ್ದೇನೆ, ಉಳಿದದ್ದೆಲ್ಲ 32. ಹಿಂದೆ ಹೋಗಿ ಟಾರ್ಚ್ ಹಾಕಿ ನೋಡಿದರೆ ಮತ್ತೆ ಅದೇ, ಸಡಿಲ ಕ್ಲಿಪ್.